ಲಿಫ್ಟಿನ ಮುದುಕಿಯೂ ನನ್ನ ‘ಬಾಜೂಕ’ವೂ

ನಾನು ಉಗ್ಗುತ್ತೇನೆ. ಬರೆಯುವಾಗ ಅದು ಕಾಣುವುದಿಲ್ಲವಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಎಲ್ಲ ಅಕ್ಷರಕ್ಕೂ ಅಲ್ಲ, ‘ಬ’ ಒಂದಕ್ಕೆ. ಮಾತಿನ ಮೊದಲಿಗೆ ಆ ಅಕ್ಷರ ಬಂತೆಂದರೆ ತುಟಿ ಎರಡೂ ಅಂಟಿಕೊಂಡು ಕೂತುಬಿಡುತ್ತವೆ. ನಲವತ್ತೊಂದು ವರ್ಷದಲ್ಲಿ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ಶಬ್ದ ಬದಲಿಸುವುದು. ಬಾಳೆಹಣ್ಣು ಬೇಕಾದರೆ ಮರಾಠಿಯಲ್ಲಿ ‘ಕೇಳಿ’ ಎನ್ನುತ್ತೇನೆ. ಬಸ್ಸಿಗೆ ಗಾಡಿ ಎನ್ನುತ್ತೇನೆ. ಬುಧವಾರದ ಕೆಲಸವನ್ನು ಗುರುವಾರಕ್ಕೆ ಹಾಕುತ್ತೇನೆ. ಇಂಥವನಿಗೆ ಕೆಲಸ ಸಿಕ್ಕಿದ್ದು ಎಲ್ಲಿ? ಮರಾಠಿ ಸೀಮೆಯ ನಿಗಡಿಯಲ್ಲಿ, ಒಂದು ಬೇರಿಂಗ್ ಅಂಗಡಿಯಲ್ಲಿ! ಅಲ್ಲಿ ಹದಿನೈದು ವರ್ಷದಿಂದ ನಾನು ಅದನ್ನು ‘ಮಾಲು’ ಎಂದೇ ಕರೆಯುತ್ತ ಬಂದಿದ್ದೇನೆ.

ಈ ವಿದ್ಯೆಗೆ ಪೆಟ್ಟು ಬಿದ್ದದ್ದು ಒಂದು ದೆವ್ವದ ಆಟದಲ್ಲಿ. ಕಂಪ್ಯೂಟರಿನಲ್ಲಿ, ಎಲ್ಲೆಲ್ಲಿಯೋ ಕುಳಿತ ಜನ ಒಟ್ಟಿಗೆ ಆಡುವ ಆನ್‌ಲೈನ್ ಆಟ. ಅದರಲ್ಲಿ ಕೋಟೆ, ಕತ್ತಿ, ಕುದುರೆ ಇಲ್ಲ. ಇವತ್ತಿನ ಶಹರವೇ ಇದೆ: ಮೆಟ್ರೋ ನಿಲ್ದಾಣ, ಮಾಲ್, ಕಾಲ್ ಸೆಂಟರ್, ಹೌಸಿಂಗ್ ಸೊಸೈಟಿ. ಒಂದೊಂದು ಜಾಗದಲ್ಲೂ ಒಂದೊಂದು ಪೀಡೆ. ನಾವು ಒಂದೊಂದು ಪಾತ್ರ ಹಿಡಿದು, ತಿಂಗಳುಗಟ್ಟಲೆ ಆ ಪಾತ್ರವನ್ನು ಬೆಳೆಸಿ, ಗುಂಪು ಕಟ್ಟಿಕೊಂಡು ಹೋಗಿ ಆ ಪೀಡೆಯನ್ನು ಓಡಿಸಬೇಕು. ಅಬ್ಬಾ, ಏನು ಮಜಾ ಅಂತೀರಿ! ಮೊದಲ ವಾರ ನಾನು ಕುರ್ಚಿಯಿಂದ ಎರಡು ಸಲ ಬಿದ್ದಿದ್ದೇನೆ.

ನಮ್ಮ ಗುಂಪು ಕೂಡಿದ್ದು ಒಂದು ಬೈಗುಳದಿಂದ. ಕಾಲ್ ಸೆಂಟರಿನ ದೆವ್ವ ನನ್ನನ್ನು ನುಂಗಿದಾಗ ಸಿಟ್ಟು ನೆತ್ತಿಗೇರಿ, ಎಲ್ಲರಿಗೂ ಕಾಣುವ ಚಾಟಿನಲ್ಲಿ ‘ನಿನ್ನ ಹೆಣಾ ಎತ್ತಲಿ’ ಎಂದು ಟೈಪ್ ಮಾಡಿದೆ. ಕೂಡಲೇ ಉತ್ತರ ಬಂತು: ‘ಸರ್, ಅದು ಆಲ್‌ರೆಡಿ ಹೆಣಾನೇ.’ ಬರೆದವಳು ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ನಮ್ಮಿಬ್ಬರ ಕನ್ನಡ ನೋಡಿ ಇನ್ನಿಬ್ಬರು ಕೂಡಿಕೊಂಡರು. ಒಬ್ಬರು ದೇಹೂ ರೋಡಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರು. ನಾವು ಅವರಿಗೆ ಯಜಮಾನರು ಎನ್ನುತ್ತಿದ್ದೆವು. ಇನ್ನೊಬ್ಬರು ಬಾರಾಮತಿಯ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ವಿಜಯಪುರದ ಅಕ್ಕ. ಯಜಮಾನರಿಗೆ ಬಿಡುವು ರವಿವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ. ಹಾಗಾಗಿ ಹೊರಗೆ ರಣರಣ ಬಿಸಿಲಿರುವಾಗ ನಾವು ನಾಲ್ವರೂ ಕಿಟಕಿಗೆ ಚಾದರ ಕಟ್ಟಿಕೊಂಡು ದೆವ್ವ ಹಿಡಿಯುತ್ತಿದ್ದೆವು.

ಅವರು ಮೂವರೂ ಹೆಡ್‌ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ‘ಮೈಕ್ ಕೆಟ್ಟದ’ ಎಂದು ಸುಳ್ಳು ಹೇಳಿ ಟೈಪ್ ಮಾಡುತ್ತಿದ್ದೆ. ಟೈಪಿನಲ್ಲಿ ನಾನು ಎಂಥ ಮಾತುಗಾರ ಗೊತ್ತೇ? ಚೇಷ್ಟೆ, ಕುಚೋದ್ಯ, ಎತ್ತಿದ ಮಾತಿಗೆ ಎದುರು ಮಾತು. ಅಕ್ಕ ನಕ್ಕು ನಕ್ಕು ‘ಸಾಕೋ ತಮ್ಮಾ, ಪಕ್ಕಡಿ ನೋಯ್ತಾವ’ ಎನ್ನುತ್ತಿದ್ದರು. ನನ್ನ ಮಾತಿಗೆ ಜನ ಕಾದು ಕೂರುವುದನ್ನು ಜನ್ಮದಲ್ಲೇ ಮೊದಲ ಸಲ ಕಂಡಿದ್ದೆ. ನಾನು ಉಗ್ಗುವವನೆಂದು ಗೊತ್ತಾದರೆ ಆ ಮಾತುಗಾರ ಅಲ್ಲಿಗೇ ಮುಗಿದ, ಆಮೇಲೆ ‘ಪಾಪ’ ಅನ್ನುವುದೊಂದೇ ಉಳಿಯುತ್ತದೆ ಎಂದು ನನಗೆ ಭಯ. ಎಂಟು ತಿಂಗಳು ಆ ಮೈಕ್ ಕೆಟ್ಟೇ ಇತ್ತು.

ನಾವು ಮುಂದೆ ಹೋಗಲಾರದೆ ಸಿಕ್ಕಿಬಿದ್ದದ್ದು ಒಂದು ಹಳೇ ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಲ್ಲಿ. ಅಲ್ಲಿಯ ಲಿಫ್ಟಿನಿಂದ ಕಾಯಿಪಲ್ಲೆಯ ಚೀಲ ಹಿಡಿದ ಒಬ್ಬ ಮುದುಕಿ ಬರುತ್ತಾಳೆ. ‘ಟಿಂಗ್’ ಎಂದು ಗಂಟೆಯಾದ ನಾಲ್ಕೇ ಸೆಕೆಂಡಿನಲ್ಲಿ ನಾವು ಸರಿಯಾದ ದಾರಿ ಹಿಡಿದಿರಬೇಕು. ಕೆಲವು ಸಲ ಇದ್ದಲ್ಲೇ ನಿಲ್ಲಬೇಕು, ಕೆಲವು ಸಲ ಬದಿಯ ಕೋಣೆಗೆ ಓಡಬೇಕು, ಕೆಲವು ಸಲ ಮೆಟ್ಟಿಲಿಳಿದು ಕಟ್ಟಡದ ಹೊರಗೇ ಹೋಗಬೇಕು. ತಪ್ಪಿದರೆ ಚೀಲದೊಳಕ್ಕೆ; ಪಾರಾದರೆ ಅವಳ ಬೆನ್ನಿಗೆ ಒಂದಿಷ್ಟು ಏಟು ಹಾಕಿ ಅವಳ ಜೀವ ಇಳಿಸಬಹುದು. ಯಾವ ಸಲ ಯಾವುದು ಎಂದು ಹೇಳುವ ಕೆಂಪು ಹೆಜ್ಜೆಗುರುತು ಕಾಣುವುದು ಗುಂಪಿನಲ್ಲಿ ಒಂದೇ ಪಾತ್ರಕ್ಕೆ, ಅದು ನನ್ನದು. ನಾನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ನಾಲ್ಕು ಹೆಣ ಬಿದ್ದಿರುತ್ತಿದ್ದವು.

“ಮೈಕ್ ಇಲ್ಲದೆ ಇದು ಆಗ್ಲಿಕ್ಕಿಲ್ಲ ಮಾರಾಯ್ರೆ,” ಎಂದರು ಯಜಮಾನರು. “ನನ್ನ ಹತ್ರ ಒಂದು ಹೆಚ್ಚಿನದ್ದು ಉಂಟು. ನಿಗಡಿಗೆ ಬಂದಾಗ ನಿಮ್ಮ ಅಂಗಡಿಯಲ್ಲಿ ಕೊಟ್ಟು ಹೋಗ್ತೇನೆ.” ಕೊಟ್ಟೇ ಹೋದರು, ನಾನು ಊಟಕ್ಕೆ ಹೋದಾಗ. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮುಂದಿನ ರವಿವಾರ ಹೆಡ್‌ಫೋನ್ ಹಾಕಿಕೊಂಡು ಕೂತೆ. ಅಕ್ಕ ನಿಯಮ ಹೇಳಿದರು: “ತಮ್ಮಾ, ಉದ್ದ ಹೇಳಬ್ಯಾಡ. ಮೂರ ಮಾತು ಸಾಕು. ಇಲ್ಲೆ, ಬಾಜೂಕ, ಹೊರಗ.” ಬಾಜೂಕ ಎಂದರೆ ಬದಿಗೆ, ನಮ್ಮ ಕಡೆ ಹಾಲು ಕುಡಿಯುವ ಕೂಸೂ ಆಡುವ ಮಾತು. ಆದರೆ ಅದು ಶುರುವಾಗುವುದೇ ನನ್ನ ಶತ್ರು ‘ಬ’ದಿಂದ!

‘ಟಿಂಗ್.’ ಹೆಜ್ಜೆಗುರುತು ಕಂಡಿತು. “ಇಲ್ಲೆ!” ಎಂದೆ. ಎಲ್ಲರೂ ನಿಂತರು, ಮುದುಕಿ ಮೂಸಿ ನೋಡಿ ಹೋದಳು. ಮತ್ತೆ ‘ಟಿಂಗ್.’ “ಹೊರಗ!” ಎಂದೆ. ಎಲ್ಲರೂ ಓಡಿ ಬದುಕಿದರು. ಆಹಾ, ನನ್ನ ದನಿಗೆ ಮೂರು ಜನ ಓಡುತ್ತಿದ್ದಾರೆ! ಮೂರನೇ ‘ಟಿಂಗ್’ಗೆ ಹೆಜ್ಜೆ ಬದಿಯ ಕೋಣೆಯ ಕಡೆ ತಿರುಗಿತ್ತು. ತುಟಿ ಅಂಟಿತು. ಒಂದು ಸೆಕೆಂಡು ಹೋಯಿತು, ಎರಡು ಹೋಯಿತು. ಹಳೇ ವಿದ್ಯೆ ತಾನಾಗಿ ಕೆಲಸ ಮಾಡಿತು.

“ಆಚೆ!” ಎಂದು ಕೂಗಿದೆ.

ಪರದೆ ಕಪ್ಪಾಯಿತು. ಎಲ್ಲರೂ ಸತ್ತೆವು.

“ಸರ್, ಆಚೆ ಅಂದ್ರಲ್ಲ!” ಹುಡುಗಿ ಚೀರಿದಳು. “ಆಚೆ ಅಂದ್ರೆ ಹೊರಗಡೆ ಅಲ್ವಾ? ನಾನು ಹನ್ನೆರಡು ಫ್ಲೋರ್ ಇಳಿಯೋಕೆ ಹೊರಟಿದ್ದೆ!”

“ಆಚೆ ಅಂದ್ರೆ ಆಚೆ ಮನೆ ಅಲ್ವಾ?” ಎಂದರು ಯಜಮಾನರು. “ನಾನು ಎದುರಿನ ಫ್ಲ್ಯಾಟಿಗೆ ಹೊಕ್ಕಿದೆ. ಅಲ್ಲಿ ಇವಳ ಗಂಡ ಕೂತಿದ್ದ ಮಾರಾಯ್ರೆ!”

“ನಾ ಎಲ್ಲಿಗೂ ಹೋಗ್ಲಿಲ್ಲ,” ಎಂದರು ಅಕ್ಕ. “ಯಾವ ಆಚೆ ಅಂತ ಕೇಳೂದ್ರಾಗ ಮುದುಕಿ ನನ್ನ ಚೀಲದಾಗ ಹಾಕ್ಕೊಂಡ್ಲು. ಅಲ್ಲೋ ತಮ್ಮಾ, ಬಾಜೂಕ ಅಂತ ಠರಾವ್ ಆಗಿತ್ತಲ್ಲ, ನಡುವ ಈ ಆಚೆ ಎಲ್ಲಿಂದ ಬಂತು?”

ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ನನ್ನ ಮೇಲೇ ಕೆಟ್ಟ ಸಿಟ್ಟು ಬಂದಿತ್ತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ಸಾಕಾಗಿ ಹೋಗಿತ್ತು. “ಆ ಶಬ್ದ ಹೇಳಲಿಕ್ಕೆ ಆಗೂದಿಲ್ರಿ ನನಗ,” ಎಂದೆ. “ಉಗ್ಗತೇನಿ. ಮೈಕ್ ಎಂದೂ ಕೆಟ್ಟಿರಲಿಲ್ಲ. ಆ ಅಕ್ಷರ ನನ್ನ...” ‘ಬಾಯಾಗ’ ಎನ್ನಲು ಹೋಗಿ ಅಲ್ಲೇ ಸಿಕ್ಕಿಬಿದ್ದೆ. ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಗು ನಿಂತಿತು. ಈಗ ‘ಪಾಪ’ ಬರುತ್ತದೆಂದು ಕಾದೆ.

“ಅಷ್ಟೇನಾ ಸರ್?” ಎಂದಳು ಹುಡುಗಿ. “ವರ್ಡ್ ಚೇಂಜ್ ಮಾಡೋಣ. ಪಕ್ಕ ಅನ್ನಿ, ಮುಗೀತು.”

ಸರಿಯಾದ ಮಾತೇ. ಆದರೆ ನಾನು “ಒಲ್ಲೆ” ಎಂದೆ. ‘ಬೇಡ’ ಎನ್ನಲೂ ನನಗೆ ಆಗುವುದಿಲ್ಲ ನೋಡಿ, ಅದನ್ನೂ ಬದಲಿಸಿಕೊಂಡೇ ಇದ್ದೇನೆ. ಎಷ್ಟು ಬದಲಿಸಿದ್ದೇನೆ ಈವರೆಗೆ! ಹಣ್ಣು ಬದಲಿಸಿದೆ, ವಾರ ಬದಲಿಸಿದೆ. ಒಂದು ದೆವ್ವದ ಮುಂದಾದರೂ ನನ್ನ ಮಾತು ನಾನು ಆಡಬಾರದೇ? ಆ ಹಟ ಎಲ್ಲಿಂದ ಬಂತೋ, ಬಂದಿತ್ತು. “ಅದನ್ನ ಹೇಳ್ತೇನಿ,” ಎಂದೆ.

“ಆತು,” ಎಂದರು ಅಕ್ಕ. “ಹಂಗಾರ ನಾವು ಕಾಯ್ತೇವಿ. ಅವನ ಮಾತ ಅವನ ಮುಗಿಸ್ಲಿ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ.”

ಕಾದರು ಪುಣ್ಯಾತ್ಮರು! ‘ಟಿಂಗ್’ ಆಯಿತು, ಬದಿಯ ಕೋಣೆಯ ಸರದಿ ಬಂತು, ನನ್ನ ತುಟಿ ಅಂಟಿತು. ಮೂವರೂ ನಡುಪಡಸಾಲೆಯಲ್ಲಿ ಕೈಕಟ್ಟಿ ನಿಂತರು. ಮುದುಕಿ ಬಂದಳು. ಯಾರೂ ಅಲುಗಲಿಲ್ಲ. ಬದನೆಕಾಯಿ ಆರಿಸಿದ ಹಾಗೆ ಒಬ್ಬೊಬ್ಬರನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಖಾಲಿ ಪಡಸಾಲೆಗೆ ನಾನು “...ಜೂಕ!” ಎಂದು ಮುಗಿಸಿದೆ.

“ಕಾಯೂದಂದ್ರ ಸಾಯೂದೇನ್ರಿ?” ಎಂದು ರೇಗಿದೆ. “ಬುದ್ಧಿ ಅದನೋ ಇಲ್ಲೋ ನಿಮಗ? ಬಡಿಗಿ ಹಂಗ ನೆಟ್ಟಗ ನಿಂತೀರಲ್ಲ!” ಬುದ್ಧಿಗೂ ಉಗ್ಗಿದೆ, ಬಡಿಗಿಗೂ ಉಗ್ಗಿದೆ. ಒಂದನ್ನೂ ಬದಲಿಸಲು ನೆನಪೇ ಆಗಲಿಲ್ಲ. ಅವರಂತೂ ನಗುವುದರಲ್ಲೇ ಇದ್ದರು, ಹುಡುಗಿಗೆ ಬಿಕ್ಕಳಿಕೆ ಹತ್ತಿತ್ತು.

ಆಗ ಯಜಮಾನರು ಹೇಳಿದರು: “ನನ್ನ ಪಾತ್ರದ ಹತ್ರ ಐದು ತಾಯತ ಉಂಟು. ಒಂದು ಎಸೆದರೆ ಅವಳು ಎರಡು ಸೆಕೆಂಡು ನಿಲ್ತಾಳೆ. ಕೊನೆಗೆ ಬೇಕು ಅಂತ ಇಟ್ಟದ್ದು. ಹೋಗ್ಲಿ, ಇವರ ಮಾತಿಗೇ ಖರ್ಚು ಮಾಡುವಾ.”

“ಸಖತ್!” ಎಂದಳು ಹುಡುಗಿ. “ಎಕ್ಸ್‌ಟ್ರಾ ಹತ್ತು ಸೆಕೆಂಡು ಸರ್ ನಿಮಗೆ!”

ಹತ್ತು ಸೆಕೆಂಡು! ಯಾವ ಮಾಸ್ತರನೂ, ಯಾವ ಸಾಹೇಬನೂ ನನ್ನ ಒಂದು ಮಾತಿಗೆ ಹತ್ತು ಸೆಕೆಂಡು ಕೊಟ್ಟವನಲ್ಲ.

ಮೂರನೇ ಸಲ ಹೋದೆವು. ಇಲ್ಲೆ. ಹೊರಗ. ಇಲ್ಲೆ. ಮುದುಕಿಯ ಜೀವ ಕಾಲುಭಾಗ ಉಳಿದಿತ್ತು. ‘ಟಿಂಗ್.’ ಹೆಜ್ಜೆ ಬದಿಗೆ ತಿರುಗಿತು. “ಬ್...” ಎಂದೆ.

“ಒಂದು ತಾಯತ ಹೋಯ್ತು,” ಯಜಮಾನರ ದನಿ ತಣ್ಣಗಿತ್ತು. “ಗಡಿಬಿಡಿ ಇಲ್ಲ.”

“ಬ್... ಬ್...”

“ಎರಡು. ಇನ್ನೂ ಮೂರುಂಟು, ಆರಾಮಾಗಿ ಹೇಳಿ.”

ಮುದುಕಿ ಅವರ ಮೂಗಿನ ಮುಂದೆ ಒದ್ದಾಡುತ್ತಿದ್ದಳು. ಮೂರನೆಯದು ಹೋಯಿತು, ನಾಲ್ಕನೆಯದೂ ಹೋಯಿತು. ಯಾರೂ ನನ್ನ ಪರವಾಗಿ ಆ ಶಬ್ದ ಹೇಳಲಿಲ್ಲ. ಐದನೇ ತಾಯತ ಬೆಂಕಿ ಹತ್ತಿ ಉರಿಯುವಾಗ ತುಟಿ ಬಿಟ್ಟಿತು.

“ಬಾಜೂಕ!”

ಮೂವರೂ ಗುಂಡು ಹಾರಿದಂತೆ ಬದಿಯ ಕೋಣೆಗೆ ನುಗ್ಗಿದರು. ಮುದುಕಿ ಗೋಡೆಗೆ ಹಾಯ್ದಳು. ಹುಡುಗಿ ಹಿಂದಿನಿಂದ ಹೊಡೆದೇ ಹೊಡೆದಳು. ಚೀಲ ಹರಿದು ಟೊಮೇಟೊ, ಆಲೂಗಡ್ಡೆ ಪಡಸಾಲೆ ತುಂಬ ಉರುಳಿದವು, ಮುದುಕಿ ಹೊಗೆಯಾಗಿ ಹೋದಳು. ಗೆದ್ದೆವು! ನಾನು ಎದ್ದು ನಿಂತು ಕುಣಿದೆ, ಹೆಡ್‌ಫೋನಿನ ವೈರು ಸಿಕ್ಕಿ ಕುತ್ತಿಗೆ ಉಳುಕಿತು. ನಾಲ್ಕು ಜನ ನಾಲ್ಕು ಕಡೆಯಿಂದ ಒಟ್ಟಿಗೆ ಚೀರುತ್ತಿದ್ದೆವು.

ಗದ್ದಲ ಕೇಳಿ ನನ್ನ ಹೆಂಡತಿ ಚಹಾದ ಕಪ್ಪು ಹಿಡಿದೇ ಬಾಗಿಲಿಗೆ ಬಂದಳು. ಕುತ್ತಿಗೆಗೆ ಜಾರಿದ ಹೆಡ್‌ಫೋನಿನ ದನಿ ಅವಳಿಗೂ ಕೇಳುವಷ್ಟು ಜೋರಾಗಿತ್ತು. ಅಕ್ಕ ಕೇಳಿದರು: “ಅಲ್ಲೋ ತಮ್ಮಾ, ಎಂಟ್ ತಿಂಗಳಾತು ಆಟದ ಹೆಸರ್ಲೆ ಕರೀಲಿಕ್ಕತ್ತೇವಿ. ನಿನ್ನ ಖರೇ ಹೆಸರು ಏನು?”

ನನ್ನ ಹೆಸರೂ ‘ಬ’ದಿಂದಲೇ ಶುರು. ಹೆಸರಿಗೆ ಬದಲಿ ಶಬ್ದ ಇರುವುದಿಲ್ಲ. ಅಂಗಡಿಯಲ್ಲಿ, ಕಚೇರಿಗಳಲ್ಲಿ ಕಾರ್ಡು ಮುಂದೆ ಮಾಡುತ್ತೇನೆ. ಹೆಂಡತಿ ಜೊತೆಗಿದ್ದರೆ ಅವಳೇ ಹೇಳುತ್ತಾಳೆ. ಗಂಡನ ಹೆಸರು ಬಾಯಲ್ಲಿ ಬರಬಾರದೆನ್ನುವ ಮನೆಯಲ್ಲಿ ಬೆಳೆದವಳು ಅವಳು. ಮದುವೆಯಲ್ಲಿ ಒಡಪಿನ ಪದ್ಯ ಹೇಳಿ, ಅದರಲ್ಲಿ ನನ್ನ ಹೆಸರು ತೆಗೆಯುವಾಗ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಂಥವಳು ನನ್ನ ಸಲುವಾಗಿ ದವಾಖಾನೆಯ ಕೌಂಟರಿನಲ್ಲಿ, ನಾಲ್ಕು ಜನರ ಮುಂದೆ, ನಾನು ತುಟಿ ಕೂಡಿಸುವ ಮೊದಲೇ ಗಟ್ಟಿಯಾಗಿ ನನ್ನ ಹೆಸರು ಹೇಳುತ್ತ ಬಂದಿದ್ದಾಳೆ.

ಈಗಲೂ ರೂಢಿಯಂತೆ ಅವಳ ಬಾಯಿ ತೆರೆಯಿತು. ನಾನು ತಡೆಯೆಂದು ಕೈ ಎತ್ತಿದೆ. ಅವಳು ಬಾಯಿ ಮುಚ್ಚಿ, ಕಪ್ಪು ಗಟ್ಟಿಯಾಗಿ ಹಿಡಿದು ನಿಂತಳು. ಆ ಕಡೆ ಮೂವರೂ ಕಾದರು. ತುಟಿ ಅಂಟಿತು, ಕಣ್ಣಲ್ಲಿ ನೀರು ಬಂತು, ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಮನೆತನದ ಅಡ್ಡಹೆಸರೂ ಸೇರಿಸಿ.

ಹೆಡ್‌ಫೋನಿನವರು ಏನೋ ಅನ್ನುತ್ತಿದ್ದರು. ನನಗೆ ಕೇಳಿಸಿದ್ದು ಬಾಗಿಲಲ್ಲಿ ನಿಂತವಳ ಮಾತು.

“ಇನ್ನೊಮ್ಮೆ ಹೇಳ್ರಿ,” ಎಂದಳು.