ಅಣ್ಣನ ಮೀಸೆ

ಹೋದ ಸೋಮವಾರ ನಂಜನಗೂಡಿನಲ್ಲಿ ಮೊಮ್ಮಗಳ ಮುಡಿ ಕೊಡಿಸಿದೆವು. ಕಪಿಲೆಯ ಮೆಟ್ಟಿಲ ಮೇಲೆ ಮಗು ಅತ್ತು ಅತ್ತು ಸುಸ್ತಾಗಿ ನನ್ನ ತೊಡೆಗೆ ಒರಗಿಕೊಂಡಿತ್ತು. ನೀರಿನಲ್ಲಿ ಮುಳುಗಿಸಿ ಎತ್ತಿದ ಮೇಲೆ ಸೊಸೆ ಆ ಬೋಳು ತಲೆಗೆ ತೇಯ್ದ ಗಂಧ ಬಳಿದಳು. ಒದ್ದೆ ಕೂದಲು, ಕ್ಷೌರದ ಸೋಪು, ಅದರ ಮೇಲೆ ತಣ್ಣನೆಯ ಗಂಧ... ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದ ಕೂಡಲೆ ನನ್ನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಮುಡಿ ತೆಗೆದವನು ಅದನ್ನು ನೋಡಿಬಿಟ್ಟ.

"ಏನ್ ಸಾ, ತಾತಂಗೂ ಒಂದ್ ಕೈ ಆಡುಸ್ಬುಡ್ಲಾ? ಮೀಸೆ ಮುಟ್ಟಾಕಿಲ್ಲ, ಎದ್ರುಕೋಬ್ಯಾಡಿ" ಎಂದ.

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ದೇವರಿಗೆ ತಲೆ ಕೊಟ್ಟವನು ಮೀಸೆ ಉಳಿಸಿಕೊಳ್ಳುತ್ತಾನೆ. ತಲೆಯ ಜೊತೆಗೆ ಮೀಸೆಯೂ ಹೋಗಿದ್ದರೆ ಅವನಪ್ಪ ತೀರಿಕೊಂಡ ಎಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ. ಅಪ್ಪ ಇರುವ ಮಗ ಮೀಸೆ ತೆಗೆಯುವ ಹಾಗಿಲ್ಲ.

ನಮ್ಮಣ್ಣ ತೆಗೆದಿದ್ದ. ಅಪ್ಪ ಗದ್ದೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗಲೇ ತೆಗೆದಿದ್ದ. ಯಾಕೆ ತೆಗೆದ ಎಂದು ಊರಿಗೆ ಹೇಳಬೇಕಾಗಿದ್ದವನು ನಾನು.

ಸೋಸಲೆಯ ಹತ್ತಿರ ನಮ್ಮ ಮನೆ. ಅಣ್ಣ, ಅಕ್ಕ, ನಾನು, ಮೂವರೇ ಮಕ್ಕಳು. ಅವ್ವ ಬೇಗ ಹೋದಳು. ಅಣ್ಣ ಸುತ್ತೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದ. ನಾನು ಏಳನೇ ಕ್ಲಾಸಿಗೆ ಪುಸ್ತಕ ಕಟ್ಟಿಟ್ಟು ಅಪ್ಪನ ಜೊತೆ ಗದ್ದೆಗೆ ಇಳಿದೆ. ಅಣ್ಣ ಮೈಸೂರಿನಲ್ಲಿ ನಾಟಕದವರ ಜೊತೆ ಸೇರಿ, ಅಲ್ಲಿಂದ ಬೆಂಗಳೂರಿಗೆ ಹೋಗಿ ಟಿವಿ ಧಾರಾವಾಹಿಗೆ ಸೇರಿದ. ಎತ್ತರದ ಆಳು, ಎಣ್ಣೆ ಹಚ್ಚಿ ತಿರುವಿದ ದಪ್ಪ ಮೀಸೆ. ಆ ಮೀಸೆ ನೋಡಿಯೇ ಅವನಿಗೆ ಇನ್ಸ್‌ಪೆಕ್ಟರ್ ಪಾರ್ಟು ಕೊಟ್ಟರು. ಒಂದು ಧಾರಾವಾಹಿ ಮುಗಿದರೆ ಇನ್ನೊಂದು. ಎಲ್ಲದರಲ್ಲೂ ಅದೇ ಖಾಕಿ, ಅದೇ ಜೀಪು, ಅದೇ ಮೀಸೆ. ಊರಿಗೆ ಬಂದರೆ ಬಸ್ಸಿನ ಕಂಡಕ್ಟರು, "ಬನ್ನಿ ಸಾಯೇಬ್ರೆ, ಯಾರ್ನ ಇಡಿಯಾಕ್ ಬಂದ್ರಿ?" ಎಂದು ಸೆಲ್ಯೂಟ್ ಹೊಡೆಯುತ್ತಿದ್ದ.

ಸಾಯಂಕಾಲವಾದರೆ ನಮ್ಮ ಜಗಲಿಯ ತುಂಬ ಜನ. ಅಪ್ಪ ಟಿವಿಯ ಪಕ್ಕದಲ್ಲಿ ಜನರ ಕಡೆಗೆ ಮುಖ ಮಾಡಿ ಕೂರುತ್ತಿದ್ದ. ಮಗನನ್ನು ನೋಡುವುದಕ್ಕಿಂತ ಮಗನನ್ನು ನೋಡುತ್ತಿರುವ ಜನರನ್ನು ನೋಡುವುದು ಅವನಿಗೆ ಹೆಚ್ಚು ಖುಷಿ. "ಆ ಮೀಸೆ ಐತಲ್ಲ, ಅದು ನಮ್ಮಪ್ಪಂದು ಕಣ್ರಲಾ. ನಂಗೆ ಬರ್ನಿಲ್ಲ, ಮೊಮ್ಮಗಂಗೆ ಬಂತು" ಎನ್ನುತ್ತಿದ್ದ.

ಆದರೆ ಅಣ್ಣನಿಗೆ ಆ ಕೆಲಸ ಸಾಕಾಗಿತ್ತು. ಒಮ್ಮೆ ಕಾಲುವೆಯ ಏರಿ ಮೇಲೆ ಇಬ್ಬರೇ ಕೂತಿದ್ದಾಗ ಹೇಳಿದ: "ಬಾಗ್ಲು ಒದಿಯಾದು, ಬೇಡಿ ಆಕಾದು, ಇಷ್ಟೇ ಕಣ್ಲಾ ನನ್ ಕೆಲ್ಸ. ನಾನು ಈಚೆಗ್ ಬಂದ್ಮೇಲೆ ಆ ಮನೇಲಿ ಎಂಗಸ್ರು ಮಕ್ಳು ಏನ್ಮಾಡುದ್ರು ಅಂತ ನಂಗೇ ಯಾರೂ ಏಳಕಿಲ್ಲ. ನಂಗೆ ಅದ್ನ ತೋರ್ಸಬೇಕು." ನನಗೆ ಅದು ಅರ್ಥವಾಗಲಿಲ್ಲ. ದಿನಾ ಟಿವಿಯಲ್ಲಿ ಬರುವವನಿಗೆ ಇನ್ನೇನು ಬೇಕು ಅಂದುಕೊಂಡೆ.

ಕೊನೆಗೆ ಒಂದು ಅವಕಾಶ ಬಂತು. ಒಂದು ಧಾರಾವಾಹಿಯ ಡೈರೆಕ್ಟರು ಅರ್ಧಕ್ಕೆ ಬಿಟ್ಟು ಹೋದರು, ಕೆಲವು ಕಂತು ನೀನು ಮಾಡಿ ತೋರಿಸು ಎಂದು ಅಣ್ಣನನ್ನು ಕೂರಿಸಿದರು. ಸರಿಯಾಗಿ ಬಂದರೆ ಮುಂದೆಯೂ ಅವನೇ, ಬರದಿದ್ದರೆ ಮತ್ತೆ ಖಾಕಿ. ಮೊದಲ ಚಿತ್ರೀಕರಣ ತಿರುಮಕೂಡಲಿನಲ್ಲಿ, ಕಪಿಲೆ ಕಾವೇರಿಗೆ ಸೇರುವ ಸಂಗಮದಲ್ಲಿ ಇಟ್ಟುಕೊಂಡ. ಕತೆಯಲ್ಲಿ ಒಬ್ಬ ರೈತನ ಮಗ ತಲೆ, ಮೀಸೆ ತೆಗೆಸಿಕೊಂಡು ಅಪ್ಪನ ಅಸ್ಥಿ ಬಿಡಬೇಕು. ಮಾತಿಲ್ಲ, ಒಂದೇ ದಿನದ ಪಾರ್ಟು. ಅದನ್ನು ನೀನು ಮಾಡು ಎಂದು ನನ್ನನ್ನು ಕೇಳಿದ.

"ನಿಜ್ವಾಗ್ಲೂ ತೆಗೀಬೇಕಾಯ್ತದೆ, ಮೀಸೆನೂವೆ. ಅಪ್ಪಂಗೆ ಆಮೇಲೆ ನಾನೇ ಕಾಲಿಡ್ದು ಏಳ್ತೀನಿ. ಆಗಾಕಿಲ್ಲ ಅಂದ್ರೆ ಈಗ್ಲೇ ಏಳ್ಬುಡು, ಮೈಸೂರಿಂದ ಯಾರ್ನಾರ ಕರ್ಕಬತ್ತೀನಿ. ಬೇಜಾರಿಲ್ಲ ಕಣ್ಲಾ."

"ಕೂದ್ಲು ತಾನೆ ಅಣ್ಣ, ಬೆಳ್ಕತದೆ ಬುಡು" ಎಂದೆ. ಟಿವಿಯಲ್ಲಿ ನನ್ನ ಮುಖ ಬರುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಅಪ್ಪನ ಹಾಗೆ ನಾನೂ ಜಗಲಿಯಲ್ಲಿ ಜನರ ಕಡೆಗೆ ಮುಖ ಮಾಡಿ ಕೂತಂತೆ ಕನಸು ಕಂಡೆ.

ಆ ದಿನ ಬೆಳಗ್ಗೆ ಬಸ್ಸಿನಲ್ಲಿ ನರಸೀಪುರಕ್ಕೆ ಬಂದೆ. ಅಲ್ಲಿಂದ ಸಂಗಮಕ್ಕೆ ನಡೆದು ಹೋಗುವುದಷ್ಟೇ ಬಾಕಿ. ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ನಮ್ಮೂರಿನವನೊಬ್ಬ ಸಿಕ್ಕಿದ. ಸುದ್ದಿ ಅವನಿಗೆ ಆಗಲೇ ತಿಳಿದಿತ್ತು.

"ಏನ್ಲಾ, ಅಪ್ಪನ್ ಬೂದಿ ಬುಡಾಕ್ ಒಂಟ್ಯಂತೆ? ಬಡ್ಡೀಮಗ್ನೆ, ನಿಮ್ಮಪ್ಪ ಈಗ್ತಾನೆ ಗದ್ದೆ ತಾವ ಸಿಕ್ಕಿ ನನ್ ತಾವ ಬೀಡಿ ಇಸ್ಕೊಂಡ್ನಲ್ಲೋ!"

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬೀಡಿ ಹಚ್ಚಿಕೊಂಡು ಬದುವಿನ ಮೇಲೆ ನಿಂತಿರುವ ಅಪ್ಪ ಕಣ್ಣ ಮುಂದೆ ಬಂದ. ಹೆದರಿಕೆಯಾಯಿತು. ಹೆದರಿದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ಆ ಅಂಗಡಿಯ ಕಂಬಕ್ಕೆ ಕಾಯಿನ್ ಫೋನು ನೇತುಹಾಕಿದ್ದರು. ಅಣ್ಣನ ಮೊಬೈಲ್ ನಂಬರು ನನಗೆ ಬಾಯಿಪಾಠವಿತ್ತು, ಜೇಬಿನಲ್ಲಿ ಚಿಲ್ಲರೆಯೂ ಇತ್ತು. ಆಗಲ್ಲ ಅಣ್ಣ ಎಂದು ಒಂದು ಮಾತು ಹೇಳಿದ್ದರೆ ಅವನು ಬೇರೆ ದಾರಿ ನೋಡಿಕೊಳ್ಳುತ್ತಿದ್ದ. ನಾನು ಫೋನಿನ ಪಕ್ಕದಲ್ಲೇ ನಿಂತು ಟೀ ಮುಗಿಸಿ, ನಂಜನಗೂಡಿನ ಬಸ್ಸು ಹತ್ತಿದೆ. ಅಲ್ಲಿಂದ ಹೆಮ್ಮರಗಾಲಕ್ಕೆ, ಅಕ್ಕನ ಮನೆಗೆ. ಅಕ್ಕ ಯಾಕೆ ಬಂದೆ ಎಂದು ಕೇಳಲಿಲ್ಲ. ಮುದ್ದೆ, ಉಪ್ಸಾರು ಇಕ್ಕಿದಳು. ಹೊಟ್ಟೆ ತುಂಬ ಉಂಡು ಮಲಗಿದೆ. ಎದ್ದ ಮೇಲೂ ಅವಳು ಕೇಳಲಿಲ್ಲ.

ಸಂಗಮದಲ್ಲಿ ನಡೆದದ್ದನ್ನು ಆಮೇಲೆ ನನಗೆ ಹೇಳಿದವನು ನಮ್ಮೂರಿನ ಕ್ಷೌರಿಕ. ಅಣ್ಣ ಅವನನ್ನೇ ಕರೆಸಿಕೊಂಡಿದ್ದ. ಬಿಸಿಲು ನೆತ್ತಿಗೆ ಬರುವವರೆಗೂ ಕಾದರಂತೆ. ತಾಯಿ ಪಾರ್ಟಿನ ಹಿರಿಯ ನಟಿ ಅವತ್ತು ಬಿಟ್ಟರೆ ಮತ್ತೆ ಸಿಗುತ್ತಿರಲಿಲ್ಲ. ದುಡ್ಡು ಹಾಕಿದವರು ಕೊಡೆಯ ಕೆಳಗೆ ಕೂತು, ಆಗದ ಕೆಲಸ ಯಾಕೆ ಒಪ್ಪಿಕೊಂಡೆ ಎಂದು ಎಲ್ಲರ ಎದುರಿಗೆ ರೇಗಿದರಂತೆ. ಯೂನಿಟ್ಟಿನ ಹುಡುಗರನ್ನು ಯಾರಾದರೂ ಕೂರುತ್ತೀರಾ ಎಂದು ಕೇಳಿದರೆ ಎಲ್ಲರೂ ತಲೆ ತಗ್ಗಿಸಿದರಂತೆ. ಎಲ್ಲರಿಗೂ ಅಪ್ಪಂದಿರಿದ್ದರು. ಅಣ್ಣ ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬಂದ. ಬಂದವನೇ ಅಂಗಿ ಬಿಚ್ಚಿ ಕಲ್ಲಿನ ಮೇಲೆ ಕೂತ.

ತಲೆಯನ್ನು ಕ್ಷೌರಿಕ ತೆಗೆದ. ಮೀಸೆಗೆ ಬಂದಾಗ ಅವನ ಕೈ ಓಡಲಿಲ್ಲ. "ಸ್ವಾಮಿ, ನಿಮ್ಮಪ್ಪಾರು ಮೊನ್ನೆ ತಾನೆ ನನ್ ತಾವ ಗಡ್ಡ ಕೆರಸ್ಕೊಂಡು ಓದ್ರು. ನಾನ್ ಎಂಗ್ ತೆಗೀಲಿ?" ಎಂದನಂತೆ. ಅಣ್ಣ ಅವನ ಕೈಯಿಂದ ಕತ್ತಿ ತೆಗೆದುಕೊಂಡು, ಕ್ಯಾಮೆರಾದವನಿಗೆ ಶುರು ಮಾಡು ಎಂದು ತಲೆಯಾಡಿಸಿ, ತನ್ನ ಮೀಸೆಯನ್ನು ತಾನೇ ತೆಗೆದ. ಕತ್ತಿ ತಗುಲಿ ಮೇಲ್ತುಟಿಯಲ್ಲಿ ರಕ್ತ ಬಂತು. ಅದೂ ಟಿವಿಯಲ್ಲಿ ಹಾಗೆಯೇ ಬಂತು.

ಆ ಕಂತು ಬಂದ ದಿನ ಜಗಲಿಯ ತುಂಬ ಜನ, ಅಪ್ಪ ಎಂದಿನಂತೆ ಟಿವಿಯ ಪಕ್ಕದಲ್ಲಿ. ನಾನು ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದೆ. ಟೀ ಅಂಗಡಿಯಲ್ಲಿ ಸಿಕ್ಕಿದ್ದವನಿಗೆ, ಆ ಪಾರ್ಟು ನಾನು ಒಪ್ಪಿಕೊಂಡೇ ಇರಲಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಜನರ ಮುಖ ಬದಲಾದದ್ದನ್ನು ನೋಡಿ ಅಪ್ಪ ತಿರುಗಿ ಪರದೆ ನೋಡಿದ. ಮಗ ಬೋಳು ತಲೆ, ಬೋಳು ಮುಖದಲ್ಲಿ ಸೊಂಟದ ಮಟ್ಟ ನೀರಿನಲ್ಲಿ ಮಡಕೆ ಹಿಡಿದು ನಿಂತಿದ್ದ. ಅಪ್ಪ ಎದ್ದು ಟವೆಲು ಒದರಿ ಹೆಗಲಿಗೆ ಹಾಕಿಕೊಂಡ.

"ನಂಗೆ ಮಾಡಾದ್ನೆಲ್ಲ ಮಾಡಿ ಮುಗಿಸ್ಬುಟ್ಟ. ಇನ್ ಅವ್ನಿಗೇನ್ ಕೆಲ್ಸ ಇಲ್ಲಿ?" ಎಂದು ಹೇಳಿ ಕೊಟ್ಟಿಗೆಯ ಕಡೆ ಹೋದ. ಆಮೇಲೆ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ.

ಅಣ್ಣ ಬಂದ. ತಲೆಯಲ್ಲಿ ಮುಳ್ಳು ಮುಳ್ಳು ಕೂದಲು. ಅಪ್ಪ ಬೆನ್ನು ತಿರುಗಿಸಿ ಕೂತ. ಅಣ್ಣ ಒಂದು ಸಲ ನನ್ನನ್ನು ನೋಡಿದ. ಈಗ ಹೇಳಿಬಿಡುತ್ತಾನೆ ಅಂದುಕೊಂಡೆ. ಅವನು, "ತಪ್ಪಾಯ್ತು ಅಪ್ಪ" ಎಂದಷ್ಟೇ ಹೇಳಿ ಕಾಲು ಮುಟ್ಟಲು ಬಾಗಿದ. ಅಪ್ಪ ಕಾಲು ಎಳೆದುಕೊಂಡ. ನಾನು ಬಾಗಿಲು ಹಿಡಿದು ನಿಂತೇ ಇದ್ದೆ...

ಬಸ್ಸಿಗೆ ಬಿಡಲು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವನು ಬಯ್ಯುತ್ತಾನೆ, ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ ಎಂದು ಕಾದೆ. ಬಸ್ಸು ಕಾಣಿಸಿದಾಗ ಒಂದೇ ಮಾತು ಕೇಳಿದ: "ಎಮ್ಮರಗಾಲದಲ್ಲಿ ನಿಮ್ಮಕ್ಕ ಚೆಂದಾಗವ್ಳಾ?"

ನಾನು ಅಲ್ಲಿಗೆ ಹೋಗಿದ್ದು ಅವನಿಗೆ ಹೇಗೆ ತಿಳಿಯಿತೋ... ಕೇಳುವ ಧೈರ್ಯ ಬರಲಿಲ್ಲ. ಹೂಂ ಎಂದೆ.

ಆ ದೃಶ್ಯದಿಂದಲೇ ಅವನು ಡೈರೆಕ್ಟರ್ ಆದ. ಮೀಸೆ ಇಲ್ಲದ್ದರಿಂದ ಇನ್ಸ್‌ಪೆಕ್ಟರ್ ಪಾರ್ಟು ಬೇರೆಯವರಿಗೆ ಹೋಯಿತು, ಅವನು ಮತ್ತೆ ಕ್ಯಾಮೆರಾದ ಮುಂದೆ ಬರಲಿಲ್ಲ. ಹೆಂಗಸರು ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ಏನು ಮಾಡುತ್ತಾರೆ, ಪೊಲೀಸರು ಹೋದ ಮೇಲೆ ಆ ಮನೆಯವರು ಹೇಗೆ ಕೂತಿರುತ್ತಾರೆ, ಅಂಥದ್ದನ್ನೆಲ್ಲ ತೋರಿಸಿದ ಎಂದು ಜನ ಹೇಳುತ್ತಿದ್ದರು. ನಾನು ಆಗ ನಂಜನಗೂಡಿಗೆ ಬಂದು ಪಂಕ್ಚರ್ ಅಂಗಡಿ ಇಟ್ಟಿದ್ದೆ. ಅಂಗಡಿಗೆ ಬಂದವರು ನಿಮ್ಮಣ್ಣನ ಸೀರಿಯಲ್ಲು ಚೆನ್ನಾಗಿದೆ ಎಂದರೆ ಟೈರಿನ ಕಡೆ ಬಗ್ಗಿಬಿಡುತ್ತಿದ್ದೆ. ಮೀಸೆಯನ್ನು ಮಾತ್ರ ಅವನು ಮತ್ತೆ ಮೊದಲಿನಷ್ಟೇ ದಪ್ಪ ಬೆಳೆಸಿದ. ಹಬ್ಬಕ್ಕೊಮ್ಮೆ ಊರಿಗೆ ಬಂದು ಅಪ್ಪನ ಎದುರು ನಿಲ್ಲುತ್ತಿದ್ದ. ಅಪ್ಪ ಆ ಕಡೆ ನೋಡುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಅಣ್ಣ ಮೊದಲ ಬಸ್ಸಿಗೇ ಬಂದ. ಹಿರಿಯ ಮಗ, ಬೆಂಕಿ ಹಿಡಿಯಬೇಕಾದವನು ಅವನು. ಆದರೆ ಅಪ್ಪ ಊರ ಯಜಮಾನರ ಮುಂದೆ ಹೇಳಿ ಹೋಗಿದ್ದ, ಚಿಕ್ಕವನೇ ಮಾಡಲಿ ಎಂದು. ಅಂಗಳದಲ್ಲಿ ಯಜಮಾನರು ನನ್ನನ್ನು ಕರೆದು, "ಏನಪ್ಪ, ದೊಡ್ಡೋನು ನಿಂತವ್ನೆ. ನೀನೇನಂತೀಯಾ?" ಎಂದರು.

ಅಣ್ಣ ನನ್ನ ಎದುರಿಗೇ ನಿಂತಿದ್ದ. ಅವತ್ತು ಕೂರಬೇಕಾಗಿದ್ದವನು ನಾನು, ನನ್ನ ಬದಲಿಗೆ ಅವನು ಕೂತ ಎಂದು ಹೇಳಬೇಕಾಗಿತ್ತು. ಊರೆಲ್ಲ ಕೇಳಿಸಿಕೊಳ್ಳಲು ನಿಂತಿತ್ತು. ಅಪ್ಪನ ಮುಚ್ಚಿದ ಕಣ್ಣು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಅಪ್ಪನಿಗೆ ಬೇಕಾದ ಮಗ ನಾನೊಬ್ಬನೇ ಎಂಬ ಹಾಗೆ ಇಷ್ಟು ವರ್ಷ ಬದುಕಿದ್ದೆ, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಅಪ್ಪ ಏಳ್ದಂಗೆ ಆಗ್ಲಿ" ಎಂದೆ.

ಅಸ್ಥಿ ಬಿಡುವ ದಿನ ಅದೇ ಸಂಗಮದಲ್ಲಿ, ಅದೇ ಕ್ಷೌರಿಕ ನನ್ನ ತಲೆ ತೆಗೆದ. ಮೀಸೆಗೆ ಬಂದಾಗ ಕತ್ತಿ ನಿಲ್ಲಿಸಿ ಕಿವಿಯ ಹತ್ತಿರ ಬಗ್ಗಿ, "ಈಗ್ಲಾರಾ ಏಳ್ಬುಡಪ್ಪ" ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಅಣ್ಣ ಮೇಲಿನ ಮೆಟ್ಟಿಲಲ್ಲಿ ಜನರ ನಡುವೆ ನಿಂತಿದ್ದ. ಕರ್ಮದಿಂದ ದೂರ ಇಟ್ಟಿದ್ದರಿಂದ, ಅಪ್ಪ ಸತ್ತಿದ್ದರೂ ತುಟಿಯ ಮೇಲೆ ಅಷ್ಟು ದಪ್ಪ ಮೀಸೆ. ಯಾರೋ ಹೆಂಗಸು ಇನ್ನೊಬ್ಬಳಿಗೆ ಅದನ್ನು ತೋರಿಸಿ ಏನೋ ಹೇಳಿದಳು. ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅತ್ತನೋ, ಮೀಸೆ ಮುಚ್ಚಿಕೊಂಡನೋ...

ಆಮೇಲೆ ಅವನು ಊರಿಗೆ ಬರುವುದು ನಿಂತಿತು. ಕಳೆದ ವರ್ಷ ಬೆಂಗಳೂರಿನಲ್ಲೇ ತೀರಿಕೊಂಡ. ಮಗಳೊಬ್ಬಳೇ ಅವನಿಗೆ, ಎಲ್ಲವನ್ನೂ ಅವಳೇ ಮಾಡಿದಳು. ಅವನ ಕೈಕೆಳಗೆ ಕೆಲಸ ಮಾಡಿದ ಒಬ್ಬ ಹುಡುಗಿ ಅಳುತ್ತಾ ನನಗೆ ಹೇಳಿದಳು: "ಸರ್ ಒಂದಿನಾನೂ ಯಾರಿಗೂ ಬೈದೋರಲ್ಲ. ಬರಕ್ಕಾಗಲ್ಲ ಅಂದ್ರೆ ಒಂದ್ ಫೋನ್ ಮಾಡಿ, ಅಷ್ಟೇ ಸಾಕು ಅಂತಿದ್ರು." ನಾನು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಮಗಳು ಅಸ್ಥಿಯನ್ನು ಸಂಗಮಕ್ಕೇ ತಂದಳು. ನೀರಿಗೆ ಇಳಿಯುವ ಮೊದಲು, "ಚಿಕ್ಕಪ್ಪ, ನೀವು ತಲೆ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದಳು.

"ಶುಗರ್ ಐತಮ್ಮ, ಗಾಯ ಆದ್ರೆ ಮಾಯಾಕಿಲ್ಲ" ಎಂದೆ. ನನಗೆ ಶುಗರ್ ಇಲ್ಲ. ಅಲ್ಲಿ, ಆ ಕಲ್ಲಿನ ಮೇಲೆ ಮತ್ತೆ ಕೂರಲು ನನಗೆ ಮುಖವಿರಲಿಲ್ಲ.

ಮೊನ್ನೆ ಮುಡಿಗೆ ಹೆಮ್ಮರಗಾಲದಿಂದ ಅಕ್ಕನೂ ಬಂದಿದ್ದಳು. ನಿದ್ದೆಹೋದ ಮಗುವನ್ನು ನನ್ನ ತೊಡೆಯ ಮೇಲೆ ಬಿಟ್ಟು ಎಲ್ಲರೂ ಪೂಜೆಯ ಸಾಲಿನಲ್ಲಿ ನಿಲ್ಲಲು ಹೋದ ಮೇಲೆ, ಆ ಗಂಧದ ವಾಸನೆಯಲ್ಲಿ, ಅವಳ ಪಕ್ಕ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ನದಿ ನೋಡುತ್ತಾ ಕೇಳಿಸಿಕೊಂಡಳು.

"ಅವತ್ತು ಪಕ್ಕದ್ಮನೆ ಫೋನಿಗೆ ಮಾಡಿದ್ದ ಅಣ್ಣ" ಎಂದಳು. "ನೀ ಬರ್ನಿಲ್ಲ, ಬಸ್ಸಿಗೇನಾರ ಆಯ್ತೋ ಅಂತ ಎದ್ರಿದ್ದ. ಬಂದವ್ನೆ, ಮನಿಕಂಡವ್ನೆ ಅಂದೆ. ಸದ್ಯ, ಅಂದ. ಅವ್ನ ಏನೂ ಕೇಳ್ಬ್ಯಾಡ, ಬಯ್ಬ್ಯಾಡ, ಎದ್ರುಕೊಂಡವ್ನೆ ಅಂದ. ಅಷ್ಟೇ ನಂಗ್ ಗೊತ್ತಿದ್ದುದ್ದು."

ಎಲ್ಲೋ ಹೋಗಿ ಬಂದು ಅಂಗಿ ಬಿಚ್ಚಿದ ಎಂದು ಕ್ಷೌರಿಕ ಹೇಳಿದ್ದ. ಹೋಗಿದ್ದು ಅದಕ್ಕೆ. ನಾನು ಬದುಕಿದ್ದೇನೆ ಎಂದು ತಿಳಿದುಕೊಂಡು ಬಂದು, ಆ ಕಲ್ಲಿನ ಮೇಲೆ ಕೂತಿದ್ದ.

"ಅಪ್ಪನ್ ಅಂಗಳದಲ್ಲಿ ಇದ್ನ ಏಳಿದ್ರೆ ಆಗಿತ್ತಲ್ಲೋ" ಎಂದಳು ಅಕ್ಕ. "ಈಗ್ ನಂಗ್ ಏಳಿ ಏನ್ ಬಂತು?" ಸೆರಗಿನಿಂದ ಮುಖ ಒರೆಸಿಕೊಂಡು, ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು, ನನಗೆ ಕಾಯದೆ ಮೆಟ್ಟಿಲು ಹತ್ತಿ ಹೋದಳು.

ನಾನು ಕೂತೇ ಇದ್ದೆ. ಈ ಕಪಿಲೆಯ ನೀರು ಇಲ್ಲಿಂದ ಹರಿದು ಸಂಗಮಕ್ಕೇ ಹೋಗುತ್ತದೆ. ನನ್ನ ಮಾತು ಕೇಳಿಸಿಕೊಳ್ಳಬೇಕಾಗಿದ್ದ ಇಬ್ಬರೂ ಅಲ್ಲಿದ್ದಾರೆ, ಆದರೆ ನೀರಿನ ಕಿವಿಯಲ್ಲಿ ಹೇಳಿದರೆ ಯಾರಿಗೆ ಮುಟ್ಟುತ್ತದೆ... ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಾಗ ಅದರ ತಲೆಯ ಗಂಧ ನನ್ನ ಮೀಸೆಗೆ ತಗುಲಿತ್ತು. ಮನೆಗೆ ಬರುವ ಹೊತ್ತಿಗೆ ಅದು ಒಣಗಿ ಬಿಗಿದುಕೊಂಡಿತ್ತು. ಮುಖ ತೊಳೆದೆ. ವಾಸನೆ ಹೋಗಲಿಲ್ಲ.