ಅಳತೆಯಮ್ಮನ ಸೊಸೆ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಅಳತೆಯಮ್ಮ ಎನ್ನುತ್ತಿದ್ದರು. ಸ್ಕ್ಯಾನಿಂಗ್ ಕೋಣೆಯ ಮಬ್ಬುಬೆಳಕಿನಲ್ಲಿ ಕೂತು, ಇನ್ನೂ ಹುಟ್ಟದ ಮಕ್ಕಳ ತಲೆ, ತೊಡೆಮೂಳೆ, ಹೊಟ್ಟೆ ಅಳೆಯುವುದರಲ್ಲೇ ಅವಳ ಕೂದಲು ನರೆತಿತ್ತು. ಬಸುರಿಗೆ ಹಚ್ಚುವ ತಣ್ಣನೆಯ ಜೆಲ್ಲನ್ನು ಮೊದಲು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುವಷ್ಟು ಮೃದು ಅವಳ ಕೈ. ಬಾಯಿ ಮಾತ್ರ ಹಾಗಲ್ಲ. ಅದೇ ಕೆಲಸ ಕಲಿಯಲು ಬಂದ ಸೊಸೆಗೆ ಮನೆಯಲ್ಲೂ ಅತ್ತೆ, ಕೋಣೆಯಲ್ಲೂ ಅತ್ತೆ, ಪಾಪ.

ತಲೆ ನೋಡಿ ಮೋಸಹೋಗಬೇಡ ಎಂದು ಅವಳು ಸೊಸೆಗೆ ಬೈದು ಬೈದು ಹೇಳಿಕೊಟ್ಟಿದ್ದಳು. ಪೋಷಣೆ ಸಾಲದಾದಾಗ ಮಗು ಇದ್ದಬದ್ದದ್ದನ್ನೆಲ್ಲ ತಲೆಗೆ ಕಳಿಸಿ ಹೊಟ್ಟೆಗೆ ಕೊರತೆ ಮಾಡಿಕೊಳ್ಳುತ್ತದೆ. ಹೊಟ್ಟೆಯ ಸುತ್ತಳತೆ ತೆಗೆಯುವಾಗ ಪರದೆಯಲ್ಲಿ ಎಳೆಯುವ ಗೆರೆ ಮಗುವಿನ ಚರ್ಮದ ಮೇಲೇ ಕೂರಬೇಕು, ಕೂದಲೆಳೆಯಷ್ಟೂ ಆಚೆ ಹೋಗಬಾರದು.

ಮಗಳು ಬಸುರಿಯಾದಾಗ ತಾನೇ ಅಳೆಯಬೇಕೆಂದು ಅಳತೆಯಮ್ಮ ಪಟ್ಟು ಹಿಡಿದಳು. ಎಂಟನೇ ತಿಂಗಳಲ್ಲಿ ಮಗುವಿನ ಹೊಟ್ಟೆ ಚಿಕ್ಕದಾಗಿ ಕಂಡಿತು. ಮತ್ತೆ ಅಳೆದಳು, ಮತ್ತೊಮ್ಮೆ ಅಳೆದಳು. ಪ್ರತಿ ಸಲವೂ ಗೆರೆ ಚೂರು ಹೊರಗೆ ಸರಿಯಿತು, ಸುತ್ತಳತೆ ಚೂರು ಬೆಳೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಅಜ್ಜಿಯ ಕಣ್ಣಿಗೆ ಅದು ದಪ್ಪಗೂ ಕಾಣುತ್ತದೆ. ಪರವಾಗಿಲ್ಲ, ಎರಡು ವಾರ ಬಿಟ್ಟು ನೋಡೋಣ ಎಂದಳು.

ಪಕ್ಕದಲ್ಲಿ ನಿಂತಿದ್ದ ಸೊಸೆ ಪರದೆಯತ್ತ ಬಾಗಿದಳು. ಅತ್ತೆಗೆ ಅದುವರೆಗೂ ಒಂದು ಮಾತು ಎದುರಾಡಿದವಳಲ್ಲ.

"ಅತ್ತೆ, ಗೆರೆ ಚರ್ಮದ ಮೇಲಿಲ್ಲ. ಸ್ವಲ್ಪ ಏಳಿ, ನಾನು ನೋಡ್ತೀನಿ."

ಅಳತೆಯಮ್ಮನಿಗೆ ಮೈಯೆಲ್ಲ ಉರಿಯಿತು. ಪರದೆ ನೋಡಿದಳು, ಗೆರೆ ನಿಜಕ್ಕೂ ಆಚೆಗಿತ್ತು. ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸೊಸೆಯ ಅಳತೆಯಲ್ಲಿ ಹೊಟ್ಟೆ ತೀರಾ ಚಿಕ್ಕದು. ಹೊಕ್ಕುಳಬಳ್ಳಿಯಲ್ಲೂ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ರಕ್ತ ಹರಿಯುವುದೇ ನಿಂತುಹೋಗುತ್ತಿತ್ತು. ಎರಡು ವಾರ ಕಾದಿದ್ದರೆ ಮಗು ಉಳಿಯುತ್ತಿರಲಿಲ್ಲವೇನೋ.

ಡಾಕ್ಟರು ಮಗಳನ್ನು ಅವತ್ತೇ ಸೇರಿಸಿಕೊಂಡರು, ವಾರ ತುಂಬುವುದರೊಳಗೆ ಆಪರೇಷನ್ ಮಾಡಿದರು. ಒಂದು ಬೊಗಸೆಯಷ್ಟೇ ಕೂಸು, ಆದರೆ ಅದು ಕಿರುಚಿದ್ದು ಬಾಗಿಲಾಚೆಗೂ ಕೇಳಿಸಿತು. ಅಳತೆಯಮ್ಮ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಮಗು ನೋಡಲು ಬಂದ ಬೀಗಿತ್ತಿ, ನಿಮ್ಮ ಕಣ್ಣು ಕಾಪಾಡಿತು ಎಂದು ಅವಳ ಕೈ ಹಿಡಿದುಕೊಂಡರು. ಸುಮ್ಮನೆ ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು. ಅವಳು ಹಿಂದೆ ನಿಂತಿದ್ದ ಸೊಸೆಯನ್ನು ರಟ್ಟೆ ಹಿಡಿದು ಮುಂದಕ್ಕೆ ಎಳೆದಳು.

"ನಾನು ತಪ್ಪು ಅಳೆದಿದ್ದೆ. ನನ್ನನ್ನ ಕುರ್ಚಿಯಿಂದ ಎಬ್ಬಿಸಿದ್ದು ಇವಳು. ಇವಳಿಗೆ ಕಲಿಸಿದ್ದು ನಾನೇ, ಅದನ್ನೂ ಹೇಳಿಬಿಡ್ತೀನಿ."