ರುದ್ರೇಶನಿಗೆ ಕಳಿಸಿದ ಕಂಬಳಿ

ದೆವ್ವ, ಆತ್ಮ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅಂಥ ಮಾತುಗಳಲ್ಲಿ ನಂಬಿಕೆಯಿಲ್ಲ. ಆದರೆ ಹಾಡಹಗಲಲ್ಲಿ ನನ್ನ ಕೈಯಾರೆ ಮುಟ್ಟಿದ್ದನ್ನು ಸುಳ್ಳು ಎನ್ನಲಾರೆ. ಓದುವವರು ಏನು ಬೇಕಾದರೂ ಅಂದುಕೊಳ್ಳಲಿ.

ಚೀನಾ ಯುದ್ಧದ ವರ್ಷ ನಾನು ಆಲೂರಿನ ಹತ್ತಿರ, ಮಗ್ಗೆ ಕಡೆಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರನಾಗಿದ್ದೆ. ಪಕ್ಕದ ಹಳ್ಳಿಯ ಗೌರಮ್ಮ ಎಂಬ ವಿಧವೆಯ ಒಬ್ಬನೇ ಮಗ ರುದ್ರೇಶ ಕಾಲ್ದಳದ ಸಿಪಾಯಿ. ಆಕೆಗೆ ಓದು ಬಾರದು. ಅವನ ಕಾಗದ ಓದಿ ಹೇಳುತ್ತಿದ್ದವನು, ಉತ್ತರ ಬರೆಯುತ್ತಿದ್ದವನು ನಾನೇ. ಕೊನೆಯ ಕಾಗದ ಸೈನ್ಯದವರ ತನಿಖೆ ದಾಟಿ ಹೇಗೆ ಬಂತೋ ಕಾಣೆ. ಹತ್ತಿ ಬಟ್ಟೆಯಲ್ಲೇ ಹಿಮದ ಬೆಟ್ಟ ಹತ್ತಿಸಿದ್ದಾರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಬಂದೂಕು ಹಿಡಿಯಲು ಬೆರಳು ಮಡಚುವುದಿಲ್ಲ, ಅವ್ವಾ, ಅಪ್ಪನ ಕಂಬಳಿ ಕಳಿಸು ಎಂದು ಬರೆದಿದ್ದ.

ಓದುತ್ತ ನನ್ನ ಮೈ ಉರಿಯಿತು. ನಮ್ಮ ಕಡೆ ಕಾಫಿ ಎಸ್ಟೇಟ್‌ಗಳಲ್ಲಿ ಲೈನ್‌ಮನೆಯ ಕೂಲಿಯಾಳುಗಳಿಗೂ ಕಂಬಳಿ ಕೊಡುತ್ತಿದ್ದರು. ಗಡಿ ಕಾಯುವವನು ತಾಯಿಗೆ ಬರೆದು ತರಿಸಿಕೊಳ್ಳಬೇಕಿತ್ತು!

ಕಂಬಳಿಯನ್ನು ಬಟ್ಟೆಯಲ್ಲಿ ಸುತ್ತಿ, ನಾನೇ ಹೊಲಿದು, ಅರಗಿನ ಮುದ್ರೆ ಒತ್ತಿ ಕಳಿಸಿದೆ. ಅಷ್ಟರಲ್ಲಿ ಯುದ್ಧ ಮುಗಿಯಿತು. ರುದ್ರೇಶ ಕಾಣೆಯಾಗಿದ್ದಾನೆ ಎಂದು ಒಂದು ಸಾಲಿನ ಪತ್ರ ಬಂತು. ಸತ್ತನೋ ಬದುಕಿದ್ದಾನೋ ಕೇಳೋಣವೆಂದು ಗೌರಮ್ಮನನ್ನು ಆಲೂರಿನ ಒಬ್ಬ ಅಧಿಕಾರಿಯ ಬಳಿ ಕರೆದೊಯ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಆತ ತಲೆ ಎತ್ತದೆ, "ಎಷ್ಟೋ ಜನ ಓಡಿಹೋಗಿದಾರೆ ಕಣಮ್ಮ. ನಿನ್ನ ಮಗನೂ ಎಲ್ಲೋ ಅಡಗಿರ್ಬೇಕು. ಬಂದ್ರೆ ತಿಳಿಸು" ಎಂದ. ಆ ಮಾತು ನಮಗಿಂತ ಮೊದಲೇ ಊರು ಸೇರಿತು. ಗೌರಮ್ಮ ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಫೆಬ್ರವರಿಯ ಒಂದು ಒಣ ಬಿಸಿಲಿನ ದಿನ ಆ ಪಾರ್ಸೆಲ್ ಹಿಂದಕ್ಕೆ ಬಂತು. ವಿಳಾಸದಾರ ಸಿಗಲಿಲ್ಲ ಎಂದು ಬರೆದಿತ್ತು. ಹೊಲಿಗೆ ನನ್ನದೇ, ಮುದ್ರೆ ಒಡೆದಿರಲಿಲ್ಲ, ಮೇಲಿನ ಬಟ್ಟೆ ಒಣಗಿ ಧೂಳು ಹಿಡಿದಿತ್ತು. ಆದರೆ ಎತ್ತಿದರೆ ಭಾರ. ತಕ್ಕಡಿಗೆ ಹಾಕಿದೆ, ನಾನು ಕಳಿಸಿದಾಗ ಇದ್ದದ್ದಕ್ಕಿಂತ ಹತ್ತಿರಹತ್ತಿರ ಎರಡರಷ್ಟು ತೂಗಿತು.

ಗೌರಮ್ಮನನ್ನು ಕರೆಸಿ, ಅವರ ಎದುರಿಗೇ ಹೊಲಿಗೆ ಕತ್ತರಿಸಿದೆ. ಕಂಬಳಿ ನೆನೆದು ತೊಪ್ಪೆಯಾಗಿತ್ತು. ಬೆರಳು ನೋಯುವಷ್ಟು ಕೊರೆಯುತ್ತಿತ್ತು. ಮಡಿಕೆಗಳ ನಡುವೆ ಕಲ್ಲುಪ್ಪಿನಂಥ ಮಂಜಿನ ಹರಳುಗಳು.

ಆಕೆ ಅಳಲಿಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡರು. "ಹೊದ್ಕಂಡವ್ನೆ ಮಾಸ್ತರ್ರೇ, ನನ್ ಮಗ ಇದನ್ನ ಹೊದ್ಕಂಡವ್ನೆ. ಓಡೋಗಿಲ್ಲ ಅವ್ನು. ನಡೀರಿ ಆಲೂರ್ಗೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿತು. ಅಷ್ಟು ಬಿಸಿಲಿಗೂ ಕಂಬಳಿ ಬೆಚ್ಚಗಾಗಲಿಲ್ಲ. ಗೌರಮ್ಮ ಜವಾನನನ್ನು ದಾಟಿ ಒಳನುಗ್ಗಿ ಅದನ್ನು ಅಧಿಕಾರಿಯ ಮೇಜಿನ ಮೇಲೆ ಹಾಕಿದರು.

"ಮುಟ್ಟಿ ನೋಡಿ ಸ್ವಾಮಿ. ಓಡೋದೋನ ಕಂಬ್ಳಿ ಹಿಂಗಿರ್ತೈತಾ?"

ಆತ ಮುಟ್ಟಿದ. ಕೆಂಡ ತಾಗಿದವನಂತೆ ಕೈ ಹಿಂದೆಗೆದುಕೊಂಡ. ಕೊನೆಗೆ ಅವನ ಬಾಯಿಂದ ಬಂದದ್ದು ಇಷ್ಟೇ: "ಫೈಲೆಲ್ಲಾ ನೆನೀತು, ತಗೊಂಡ್ಹೋಗಿ."

"ನಿಮ್ ಕಾಗ್ದ ನೆಂದ್ರೆ ಸಂಕ್ಟ ಆಯ್ತದೆ, ಅಲ್ವಾ?" ಎಂದರು ಗೌರಮ್ಮ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. ಆದರೂ ಬಾಯಿ ಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮಳೆಗಾಲದಲ್ಲಿ ರುದ್ರೇಶನ ಜೊತೆಗಿದ್ದ ಒಬ್ಬ ಸಿಪಾಯಿ ಆಸ್ಪತ್ರೆಯಿಂದ ಕಾಗದ ಬರೆಸಿದ. ಉಳಿದವರು ಇಳಿಯಲೆಂದು ರುದ್ರೇಶ ಬೆಟ್ಟದ ಮೇಲೆ ಗುಂಡು ಹಾರಿಸುತ್ತ ನಿಂತನಂತೆ. ಹೆಣ ಹಿಮದಲ್ಲೇ ಉಳಿಯಿತಂತೆ. ನಾನು ಅದನ್ನು ಗೌರಮ್ಮನಿಗೆ ಎರಡು ಸಲ ಓದಿದೆ.

ಬಿಚ್ಚದ ಹೊಲಿಗೆಯೊಳಗೆ ಮಂಜು ಹೇಗೆ ಬಂತು? ಗೊತ್ತಿಲ್ಲ. ಬಲ್ಲವರನ್ನು ಕೇಳಿದ್ದೇನೆ, ಯಾರ ಉತ್ತರವೂ ನನಗೆ ಹಿಡಿಸಿಲ್ಲ. ಆ ಅಧಿಕಾರಿ ಮಾತ್ರ ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋದ. ಆ ಸಿಪಾಯಿಯ ಕಾಗದ ತೋರಿಸಲು ನಾನು ಹೋದಾಗ ಅವನ ಕುರ್ಚಿಯಲ್ಲಿ ಇನ್ನೊಬ್ಬ ಕೂತಿದ್ದ. ರುದ್ರೇಶ ಯಾರು ಎಂದು ಕೇಳಿದ.